ಮೀನಿಗೂ ಕಾಯಿಲೆ ಬರುತ್ತದೆಯೇ? – ಎಂಟನೆಯ ತರಗತಿಯ ಒಂದು ಪ್ರಶ್ನೆ ಮತ್ತು ಮಂಗಳೂರಿನ ಸಂಶೋಧನೆ

ಅಭ್ಯಾಸ ಬೋಧನೆಯ ಎರಡನೆಯ ವಾರ. ಹೊಸ ಅಗ್ರಹಾರ ಸೀಮೆಯ ಪ್ರೌಢಶಾಲೆಯೊಂದರಲ್ಲಿ ಎಂಟನೆಯ ತರಗತಿಗೆ ‘ಸೂಕ್ಷ್ಮಜೀವಿಗಳು: ಮಿತ್ರ ಮತ್ತು ಶತ್ರು’ ಪಾಠ ಮಾಡುತ್ತಿದ್ದೆ. ಪಾಠ ಯೋಜನೆ ಸಿದ್ಧವಿತ್ತು, ಚಾರ್ಟು ಬರೆದುಕೊಂಡು ಹೋಗಿದ್ದೆ, ಮೊಸರು, ದೋಸೆ ಹಿಟ್ಟಿನ ಉದಾಹರಣೆಗಳಿಗೆ ಮಕ್ಕಳು ಚೆನ್ನಾಗಿ ಉತ್ತರಿಸಿದರು. ಆಹಾರ ಕೆಡುವ ಭಾಗಕ್ಕೆ ಬಂದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ.

“ಮಿಸ್, ಮೀನ್ಗೂ ಕಾಯ್ಲೆ ಬತ್ತದಾ? ಕಾಯ್ಲೆ ಮೀನ್ ತಿಂದ್ರೆ ನಮ್ಗೂ ಬತ್ತದಾ?”

ಗಂಟೆ ಹೊಡೆಯಲು ಐದು ನಿಮಿಷವಿತ್ತು. “ಹೌದು, ಬರುತ್ತೆ. ಮೀನಿನಲ್ಲಿ ಬ್ಯಾಕ್ಟೀರಿಯಾ ತುಂಬಾ ಇರುತ್ತೆ, ಅದಕ್ಕೇ ಬೇಗ ವಿಷ ಆಗುತ್ತೆ” ಎಂದುಬಿಟ್ಟೆ. ಇಡೀ ತರಗತಿ ಒಬ್ಬ ಹುಡುಗಿಯ ಕಡೆ ತಿರುಗಿ ನೋಡಿತು. ಅವಳ ತಾಯಿ ಸಂತೆಯಲ್ಲಿ ಮೀನು ಮಾರುತ್ತಾರೆ ಎಂಬುದು ನನಗೆ ತಿಳಿದದ್ದು ಊಟದ ವಿರಾಮದಲ್ಲಿ. ಅಷ್ಟರಲ್ಲಿ ಅವಳಿಗೆ ‘ಕಾಯ್ಲೆ ಮೀನು’ ಎಂದು ಹೆಸರೂ ಬಿದ್ದಿತ್ತು. ಮುಂದಿನ ಎರಡು ದಿನ ಅವಳು ನನ್ನ ತರಗತಿಯಲ್ಲಿ ತಲೆ ಎತ್ತಲಿಲ್ಲ.

ಮಾರ್ಗದರ್ಶಕ ಶಿಕ್ಷಕಿ ನನ್ನ ಪಾಠ ವೀಕ್ಷಣಾ ಪುಸ್ತಕದಲ್ಲಿ ಒಂದೇ ಸಾಲು ಬರೆದಿದ್ದರು: ಉತ್ತರ ಅವಸರದ್ದು, ವಿಷಯ ಖಚಿತಪಡಿಸಿಕೊಳ್ಳಿ. ಅವರ ಮಾತು ನಿಜವಾಗಿತ್ತು. ನನ್ನ ಉತ್ತರ ಒಂದು ಮಗುವಿಗೆ ನೋವು ಮಾಡಿದ್ದಲ್ಲದೆ ವಿಜ್ಞಾನವಾಗಿಯೂ ತಪ್ಪಾಗಿತ್ತು. ಬಿ.ಎಸ್ಸಿ.ಯ ಟಿಪ್ಪಣಿಗಳನ್ನು ಹೊರತೆಗೆದು, ಮಂಗಳೂರಿನ ಮೀನುಗಾರಿಕೆ ಕಾಲೇಜಿನ ಸಂಶೋಧನಾ ಪ್ರಬಂಧಗಳ ಸಾರಾಂಶಗಳನ್ನು ಓದಿ, ಮುಂದಿನ ವಾರ ಅದೇ ಪಾಠವನ್ನು ಮತ್ತೆ ಮಾಡಿದೆ. ಆಗ ಕಲಿತದ್ದನ್ನು ಸಹ ಪ್ರಶಿಕ್ಷಣಾರ್ಥಿಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಒಂದು ಪ್ರಶ್ನೆಯೊಳಗೆ ಎರಡು

ಹುಡುಗ ಕೇಳಿದ್ದು ಒಂದೇ ಉಸಿರಿನಲ್ಲಾದರೂ ಅದರೊಳಗೆ ಎರಡು ಬೇರೆ ಪ್ರಶ್ನೆಗಳಿವೆ. ಪ್ರಾಣಿಗೆ ಕಾಯಿಲೆ ಬರುತ್ತದೆಯೇ ಎಂಬುದು ಒಂದು. ಆ ಪ್ರಾಣಿಯನ್ನು ತಿಂದವರಿಗೆ ಅಪಾಯವಿದೆಯೇ ಎಂಬುದು ಇನ್ನೊಂದು. ನಾನು ಎರಡಕ್ಕೂ ಒಂದೇ ‘ಹೌದು’ ಹೇಳಿದ್ದೆ.

ಮೀನು, ಸೀಗಡಿಗಳಿಗೆ ಕಾಯಿಲೆ ಬರುತ್ತದೆ. ಸಾಕಿದ ಸೀಗಡಿಗೆ ಬರುವ ಬಿಳಿ ಚುಕ್ಕೆ ರೋಗವನ್ನೇ ನೋಡಿ. ಇದಕ್ಕೆ ಕಾರಣ ಒಂದು ವೈರಸ್. ಸೋಂಕು ತಗುಲಿದ ಕೊಳದಲ್ಲಿ 3ರಿಂದ 10 ದಿನಗಳೊಳಗೆ ಬಹುಪಾಲು ಸೀಗಡಿ ಸತ್ತುಹೋಗಬಹುದು. 1990ರ ದಶಕದಲ್ಲಿ ಏಷ್ಯಾದ ಸೀಗಡಿ ಸಾಕಣೆಗಾರರನ್ನು ಮುಳುಗಿಸಿದ ರೋಗ ಇದು. ಆದರೆ ಈ ವೈರಸ್ ಮನುಷ್ಯರಿಗೆ ಸೋಂಕು ತರುವುದಿಲ್ಲ. ಅಂದರೆ ಮೊದಲ ಪ್ರಶ್ನೆಗೆ ಹೌದು, ಎರಡನೆಯದಕ್ಕೆ ಇಲ್ಲ.

ಇದಕ್ಕೆ ಸರಿಯಾಗಿ ತಿರುಗುಮುರುಗಾದ ಉದಾಹರಣೆಯೂ ಇದೆ. ವಿಬ್ರಿಯೊ ಪ್ಯಾರಾಹೀಮೊಲಿಟಿಕಸ್ ಎಂಬ ಬ್ಯಾಕ್ಟೀರಿಯಾ ಕರಾವಳಿಯ ಉಪ್ಪುನೀರಿನ ಸಹಜ ನಿವಾಸಿ. ಸಿಂಪಿ, ಸೀಗಡಿ, ಮೀನುಗಳ ಮೈಯಲ್ಲಿ ಅವುಗಳಿಗೆ ಏನೂ ತೊಂದರೆ ಮಾಡದೆ ಇರಬಲ್ಲದು. ಆದರೆ ಅದರ ಕೆಲವು ತಳಿಗಳು ಹಸಿಯಾಗಿ ಅಥವಾ ಅರೆಬೆಂದದ್ದಾಗಿ ಮನುಷ್ಯರ ಹೊಟ್ಟೆ ಸೇರಿದರೆ ಹೊಟ್ಟೆನುಲಿತ, ಭೇದಿ ಶುರುವಾಗುತ್ತವೆ. 1950ರಲ್ಲಿ ಜಪಾನಿನ ಒಸಾಕಾದಲ್ಲಿ ಸಣ್ಣ ಮೀನು ತಿಂದ 272 ಮಂದಿ ಕಾಯಿಲೆ ಬಿದ್ದು 20 ಮಂದಿ ಸತ್ತಾಗ, ಫುಜಿನೊ ಎಂಬ ವಿಜ್ಞಾನಿ ಈ ಬ್ಯಾಕ್ಟೀರಿಯಾವನ್ನು ಮೊದಲು ಗುರುತಿಸಿದರು. ಇಲ್ಲಿ ಪ್ರಾಣಿ ಆರೋಗ್ಯವಾಗಿದೆ, ತಿಂದವರಿಗೆ ಅಪಾಯ.

ಈ ಎರಡು ಪ್ರಶ್ನೆಗಳನ್ನೂ ಒಂದೇ ಪ್ರಯೋಗಾಲಯದಲ್ಲಿ ಕೂತು ಬಿಡಿಸಲು ಹೊರಟವರು ನಮ್ಮ ರಾಜ್ಯದಲ್ಲೇ ಇದ್ದಾರೆ.

ಮಂಗಳೂರಿನ ಇಬ್ಬರು ಕರುಣಾಸಾಗರರು

ಮಂಗಳೂರಿನ ಮೀನುಗಾರಿಕೆ ಕಾಲೇಜು 1969ರಲ್ಲಿ ಆರಂಭವಾಯಿತು. ದೇಶದ ಮೊದಲ ಮೀನುಗಾರಿಕೆ ಕಾಲೇಜು ಅದು. ಅಲ್ಲಿನ ಮೀನುಗಾರಿಕಾ ಸೂಕ್ಷ್ಮಜೀವಿಶಾಸ್ತ್ರ ವಿಭಾಗದಲ್ಲಿ ಡಾ. ಇಡ್ಯಾ ಕರುಣಾಸಾಗರ್ ಮತ್ತು ಡಾ. ಇಂದ್ರಾಣಿ ಕರುಣಾಸಾಗರ್ ದಂಪತಿ ದಶಕಗಳ ಕಾಲ ಪ್ರಾಧ್ಯಾಪಕರಾಗಿ ಸಂಶೋಧನೆ ನಡೆಸಿದರು. ಮುಂದೆ ಇಡ್ಯಾ ಅವರು ರೋಮ್‌ನಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಮೀನುಗಾರಿಕೆ ವಿಭಾಗದಲ್ಲಿ ಕೆಲಸ ಮಾಡಿದರು. ನಂತರ ಇಬ್ಬರೂ ಮಂಗಳೂರಿನ ನಿಟ್ಟೆ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮುಂದುವರಿಸಿದರು. ಅವರ ಪ್ರಬಂಧಗಳಲ್ಲಿ ಲೇಖಕರ ಪಟ್ಟಿ ‘ಐ. ಕರುಣಾಸಾಗರ್, ಐ. ಕರುಣಾಸಾಗರ್’ ಎಂದು ಎರಡು ಸಲ ಬರುತ್ತದೆ. ಅಚ್ಚಿನ ತಪ್ಪಿರಬೇಕು ಎಂದು ನಾನು ಮೊದಲು ಅಂದುಕೊಂಡಿದ್ದೆ!

ಅವರು ಈ ಕೆಲಸದಲ್ಲಿದ್ದ ಕಾಲದಲ್ಲಿ ಆಹಾರ ಸುರಕ್ಷತೆ ಎಂಬುದು ಬರಿಯ ಪುಸ್ತಕದ ವಿಷಯವಾಗಿರಲಿಲ್ಲ. 1997ರಲ್ಲಿ ಐರೋಪ್ಯ ಒಕ್ಕೂಟ ನೈರ್ಮಲ್ಯದ ಕಾರಣ ಕೊಟ್ಟು ಭಾರತದ ಮೀನು ಉತ್ಪನ್ನಗಳ ಆಮದನ್ನು ಕೆಲಕಾಲ ತಡೆಹಿಡಿಯಿತು. ಮೀನು ಹಿಡಿಯುವವರು, ಸೀಗಡಿ ಸುಲಿಯುವ ಹೆಂಗಸರು, ಮಂಜುಗಡ್ಡೆ ಕಾರ್ಖಾನೆಯವರು ಎಲ್ಲರ ಕೂಲಿಯೂ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾದ ಮೇಲೆ ನಿಂತಿತ್ತು.

ಬ್ಯಾಕ್ಟೀರಿಯಾ ಇದೆ ಎಂದರೆ ಸಾಕೇ?

ಮೀನಿನ ಮಾದರಿಯಲ್ಲಿ ವಿಬ್ರಿಯೊ ಪ್ಯಾರಾಹೀಮೊಲಿಟಿಕಸ್ ಇದೆ ಎಂದು ತಿಳಿದರಷ್ಟೇ ಸಾಲದು, ಅದು ರೋಗ ತರುವ ತಳಿಯೇ ಎಂದೂ ತಿಳಿಯಬೇಕು. ರೋಗ ತರುವ ತಳಿಗಳಲ್ಲಿ ಸಾಮಾನ್ಯವಾಗಿ ಟಿಡಿಎಚ್ ಅಥವಾ ಟಿಆರ್‌ಎಚ್ ಎಂಬ ಜೀನ್ ಇರುತ್ತದೆ. ಕೆಂಪು ರಕ್ತಕಣಗಳನ್ನು ಒಡೆಯಬಲ್ಲ ವಿಷವಸ್ತುವನ್ನು ತಯಾರಿಸುವ ಸೂಚನೆ ಈ ಜೀನ್‌ಗಳಲ್ಲಿದೆ. ಹಳೆಯ ವಿಧಾನದಲ್ಲಿ ಬ್ಯಾಕ್ಟೀರಿಯಾವನ್ನು ಬೆಳೆಸಿ, ಬೇರ್ಪಡಿಸಿ, ಪರೀಕ್ಷಿಸಲು ದಿನಗಳೇ ಬೇಕು. ಅಷ್ಟರಲ್ಲಿ ಮೀನು ಮಾರಾಟವಾಗಿ ಅಡುಗೆಯೂ ಆಗಿರುತ್ತದೆ. ಮಂಗಳೂರಿನ ತಂಡ 1996ರಲ್ಲಿ, ಪಿಸಿಆರ್ ಬಳಸಿ ರೋಗಕಾರಕ ತಳಿಯನ್ನು ಸಮುದ್ರಾಹಾರದಲ್ಲಿ ಬೇಗ ಪತ್ತೆಹಚ್ಚುವ ವಿಧಾನವನ್ನು ಪ್ರಕಟಿಸಿತು.

ಪಿಸಿಆರ್ ಎಂಬುದನ್ನು ಎಂಟನೆಯ ತರಗತಿಗೆ ಹೇಗೆ ಹೇಳುವುದು? ನಾನು ಮತದಾರರ ಪಟ್ಟಿಯ ಉದಾಹರಣೆ ಕೊಟ್ಟೆ. ಸಾವಿರಾರು ಹೆಸರುಗಳ ಪಟ್ಟಿಯಲ್ಲಿ ನಮಗೆ ಬೇಕಾದ ಒಂದೇ ಸಾಲನ್ನು ಹುಡುಕಿ, ಆ ಸಾಲನ್ನು ಮಾತ್ರ ಮತ್ತೆ ಮತ್ತೆ ಜೆರಾಕ್ಸ್ ಮಾಡಿದರೆ, ಕೊನೆಗೆ ಮೇಜಿನ ತುಂಬ ಅದೇ ಸಾಲು ಕಾಣುತ್ತದೆ. ಆ ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೆ ಮೇಜು ಖಾಲಿ. ಪಿಸಿಆರ್ ಯಂತ್ರ ಜೀನ್‌ನ ಒಂದು ತುಣುಕಿಗೆ ಮಾಡುವುದು ಇದನ್ನೇ.

2005ರಲ್ಲಿ ಅದೇ ತಂಡ ಇನ್ನೊಂದು ಅಧ್ಯಯನವನ್ನು ಪ್ರಕಟಿಸಿತು. ನೈಋತ್ಯ ಕರಾವಳಿಯ ಎರಡು ಅಳಿವೆಗಳಿಂದ, ಅಂದರೆ ನದಿ ಸಮುದ್ರ ಸೇರುವ ಜಾಗಗಳಿಂದ, ಸಿಂಪಿಗಳನ್ನು ತಂದು ಪರೀಕ್ಷಿಸಲಾಯಿತು. ಒಟ್ಟು 49 ಮಾದರಿಗಳು. ಶೇಕಡಾ 94ರಷ್ಟರಲ್ಲಿ, ಎಂದರೆ 46 ಮಾದರಿಗಳಲ್ಲಿ, ವಿಬ್ರಿಯೊ ಪ್ಯಾರಾಹೀಮೊಲಿಟಿಕಸ್ ಇತ್ತು. ನನ್ನ ಮೊದಲ ಪಾಠದ ಪ್ರಕಾರ ಇವೆಲ್ಲವೂ ವಿಷ. ಆದರೆ ಟಿಡಿಎಚ್ ಜೀನ್ ಇರುವ ಬ್ಯಾಕ್ಟೀರಿಯಾ ಸಿಕ್ಕಿದ್ದು 5 ಮಾದರಿಗಳಲ್ಲಿ ಮಾತ್ರ.

ಹಾಗೆಂದು ನಿರಾಳವಾಗುವಂತೆಯೂ ಇಲ್ಲ. ಇನ್ನೊಂದು ಜೀನ್ ಆದ ಟಿಆರ್‌ಎಚ್ 29 ಮಾದರಿಗಳಲ್ಲಿ ಕಂಡಿತು. 5 ಮಾದರಿಗಳ ಪೈಕಿ ಒಂದರಲ್ಲಿ ಇದ್ದದ್ದು 1996ರಲ್ಲಿ ಕೋಲ್ಕತ್ತಾದಲ್ಲಿ ಗುರುತಿಸಲ್ಪಟ್ಟು ಹಲವು ದೇಶಗಳಿಗೆ ಹರಡಿದ ಬಗೆಯದು. ವಿಜ್ಞಾನ ಇಲ್ಲಿ ‘ಎಲ್ಲವೂ ವಿಷ’ ಎಂದೂ ಹೇಳುವುದಿಲ್ಲ, ‘ಏನೂ ಆಗುವುದಿಲ್ಲ’ ಎಂದೂ ಹೇಳುವುದಿಲ್ಲ. ಯಾವ ಬ್ಯಾಕ್ಟೀರಿಯಾ, ಎಷ್ಟು, ಬೇಯಿಸಿದ್ದೋ ಹಸಿಯೋ ಎಂದು ಕೇಳುತ್ತದೆ. ಚೆನ್ನಾಗಿ ಬೇಯಿಸಿದರೆ ಈ ಬ್ಯಾಕ್ಟೀರಿಯಾ ಸಾಯುತ್ತದೆ. ನಮ್ಮ ಕಡೆ ಮೀನನ್ನು ಹಸಿಯಾಗಿ ತಿನ್ನುವವರಿಲ್ಲ. ಹಾಗಾಗಿ ಹಸಿ ಮೀನು ಕೊಯ್ದ ಮಣೆ, ಚಾಕುವನ್ನು ತೊಳೆಯದೆ ಅದರ ಮೇಲೇ ಈರುಳ್ಳಿ, ಸೌತೆಕಾಯಿ ಹೆಚ್ಚುವುದು ನಮ್ಮ ಅಡುಗೆಮನೆಯ ಮಟ್ಟಿಗೆ ಹೆಚ್ಚಿನ ಅಪಾಯ.

ಬೇಯಿಸಿದರೆ ಎಲ್ಲವೂ ಸರಿಯೇ?

ಇದೂ ಮಕ್ಕಳಿಂದ ಬರುವ ಪ್ರಶ್ನೆಯೇ. ಇಲ್ಲಿಯೂ ಅವಸರದ ‘ಹೌದು’ ಬೇಡ. ಮಂಗಳೂರಿನಿಂದ ಮಡಿಕೇರಿ, ಪಿರಿಯಾಪಟ್ಟಣ, ಹುಣಸೂರಿನ ಮೇಲೆ ಮೈಸೂರಿಗೆ ಹೋಗುವ ಹೆದ್ದಾರಿ ನಮ್ಮ ಸೀಮೆಯಲ್ಲಿ ಹಾದುಹೋಗುತ್ತದೆ. ಬಂಗುಡೆ, ಬೂತಾಯಿಯಂಥ ಕರಾವಳಿ ಮೀನು ನಮ್ಮೂರುಗಳನ್ನು ಮುಟ್ಟುವ ಹೊತ್ತಿಗೆ ಹಿಡಿದು ಸಾಕಷ್ಟು ಹೊತ್ತಾಗಿರುತ್ತದೆ. ಬಂಗುಡೆಯಂಥ ಮೀನಿನ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಹೆಚ್ಚು. ಮೀನು ಬೆಚ್ಚಗಿದ್ದರೆ ಕೆಲವು ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಆಗಿ ಬದಲಾಯಿಸುತ್ತವೆ. ಹಾಗಾದ ಮೀನು ತಿಂದರೆ ಮುಖ ಕೆಂಪಾಗುವುದು, ತಲೆನೋವು, ಮೈ ತುರಿಕೆ ಕಾಣಿಸಿಕೊಳ್ಳಬಹುದು. ಬೇಯಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಆದರೆ ಅದಾಗಲೇ ತಯಾರಾದ ಹಿಸ್ಟಮಿನ್ ಹೋಗುವುದಿಲ್ಲ. ಅದನ್ನು ತಡೆಯುವ ದಾರಿ ಒಂದೇ: ಹಿಡಿದ ಗಳಿಗೆಯಿಂದ ಮಾರುವ ಗಳಿಗೆಯವರೆಗೆ ಮಂಜುಗಡ್ಡೆಯಲ್ಲಿಡುವುದು. ಅಂದರೆ ಒಲೆಯ ಬೆಂಕಿಗಿಂತ ಮೊದಲು ನಮ್ಮನ್ನು ಕಾಯುವುದು ಮೀನು ಮಾರುವವರ ಪೆಟ್ಟಿಗೆಯ ಮಂಜುಗಡ್ಡೆ.

ಔಷಧ ಹಾಕಿದರೂ ಸತ್ತ ಮರಿಗಳು

ಈಗ ಪ್ರಾಣಿಯ ಆರೋಗ್ಯದ ಕಡೆಗೆ ಬರೋಣ. ಸೀಗಡಿ ಸಾಕಣೆಗೆ ಮರಿಗಳನ್ನು ಹ್ಯಾಚರಿಗಳ ತೊಟ್ಟಿಗಳಲ್ಲಿ ಬೆಳೆಸುತ್ತಾರೆ. ಅಲ್ಲಿ ವಿಬ್ರಿಯೊ ಹಾರ್ವಿಯೈ ಎಂಬ, ಕತ್ತಲಲ್ಲಿ ಬೆಳಗುವ ಬ್ಯಾಕ್ಟೀರಿಯಾ ಬಂದರೆ ಸೋಂಕು ತಗುಲಿದ ಮರಿಗಳೂ ಮಿನುಗುತ್ತವೆ, ಆಮೇಲೆ ರಾಶಿರಾಶಿಯಾಗಿ ಸಾಯುತ್ತವೆ. ಇದನ್ನು ತಡೆಯಲು ಹಲವು ಕಡೆ ನೀರಿಗೆ ಪ್ರತಿಜೈವಿಕ, ಅಂದರೆ ನಾವು ಆ್ಯಂಟಿಬಯೋಟಿಕ್ ಎನ್ನುವ ಔಷಧ ಹಾಕುವ ರೂಢಿ ಬೆಳೆಯಿತು.

1994ರಲ್ಲಿ ಕರುಣಾಸಾಗರ್ ಮತ್ತು ಸಂಗಡಿಗರು ಹ್ಯಾಚರಿಯೊಂದರ ಹುಲಿ ಸೀಗಡಿ ಮರಿಗಳ ಸಾಮೂಹಿಕ ಸಾವಿನ ಬಗ್ಗೆ ಪ್ರಬಂಧ ಪ್ರಕಟಿಸಿದರು. ಕಾರಣ ಪ್ರತಿಜೈವಿಕಕ್ಕೆ ಜಗ್ಗದ ವಿಬ್ರಿಯೊ ಹಾರ್ವಿಯೈ. ಇದು ನಡೆಯುವ ಬಗೆ ಜೀವವಿಕಾಸದ ಒಂದು ಸಣ್ಣ ಪಾಠ. ಕೋಟ್ಯಂತರ ಬ್ಯಾಕ್ಟೀರಿಯಾಗಳಲ್ಲಿ ಔಷಧವನ್ನು ತಡೆದುಕೊಳ್ಳುವ ಕೆಲವು ಇರಬಹುದು. ಔಷಧ ಬಿದ್ದಾಗ ಉಳಿದವು ಸಾಯುತ್ತವೆ, ಆ ಕೆಲವಕ್ಕೆ ಜಾಗ, ಆಹಾರ ಎರಡೂ ಸಿಗುತ್ತದೆ. ಮತ್ತೆ ಮತ್ತೆ ಔಷಧ ಹಾಕಿದಂತೆ ಅವುಗಳ ಸಂತತಿಯೇ ತೊಟ್ಟಿಯನ್ನು ತುಂಬುತ್ತದೆ. ಔಷಧ ಬ್ಯಾಕ್ಟೀರಿಯಾಗೆ ನಿರೋಧಕತೆಯನ್ನು ‘ಕಲಿಸುವುದಿಲ್ಲ’, ಇದ್ದುದನ್ನು ಆರಿಸಿ ಉಳಿಸುತ್ತದೆ. ‘ಬ್ಯಾಕ್ಟೀರಿಯಾ ಔಷಧಕ್ಕೆ ಒಗ್ಗಿಕೊಳ್ಳುತ್ತದೆ’ ಎಂದು ಹೇಳಿಕೊಡುವ ಅಭ್ಯಾಸವನ್ನು ನಾವು ಇಲ್ಲಿ ತಿದ್ದಿಕೊಳ್ಳಬೇಕು.

ತೊಟ್ಟಿಯ ತೊಂದರೆ ತೊಟ್ಟಿಯಲ್ಲೇ ಉಳಿಯುವುದಿಲ್ಲ. ನಿರೋಧಕತೆಯ ಜೀನ್‌ಗಳು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲವು. ಔಷಧದ ಉಳಿಕೆ ಆಹಾರದಲ್ಲಿ ಸೇರಬಲ್ಲದು. ಪ್ರಾಣಿಯ ಆರೋಗ್ಯಕ್ಕೆಂದು ಮಾಡಿದ ಕೆಲಸ ಮನುಷ್ಯರ ಆಹಾರದ ಸುರಕ್ಷತೆಯನ್ನು ಕೆಡಿಸುವುದು ಹೀಗೆ.

ಬ್ಯಾಕ್ಟೀರಿಯಾವನ್ನು ಬೇಟೆಯಾಡುವ ವೈರಸ್

ಔಷಧ ಬೇಡವೆಂದರೆ ಮರಿಗಳನ್ನು ಉಳಿಸುವುದು ಹೇಗೆ? ಬ್ಯಾಕ್ಟೀರಿಯಾಗೂ ವೈರಸ್ ತಗುಲುತ್ತದೆ. ಅಂಥ ವೈರಸ್‌ಗಳಿಗೆ ಬ್ಯಾಕ್ಟೀರಿಯೊಫೇಜ್ ಎಂದು ಹೆಸರು. ಒಂದು ಬಗೆಯ ಫೇಜ್ ತನಗೆ ಹೊಂದುವ ಬ್ಯಾಕ್ಟೀರಿಯಾಕ್ಕೆ ಮಾತ್ರ ಅಂಟಿಕೊಳ್ಳುತ್ತದೆ, ಒಳಗೆ ತನ್ನ ಪ್ರತಿಗಳನ್ನು ಮಾಡಿಕೊಂಡು ಕೊನೆಗೆ ಅದನ್ನು ಒಡೆದು ಹೊರಬರುತ್ತದೆ. ಸೀಗಡಿಯ ಜೀವಕೋಶಕ್ಕಾಗಲಿ ಮನುಷ್ಯರ ಜೀವಕೋಶಕ್ಕಾಗಲಿ ಅದು ಸೋಂಕು ತರುವುದಿಲ್ಲ.

ಮಂಗಳೂರಿನ ತಂಡ ವಿಬ್ರಿಯೊ ಹಾರ್ವಿಯೈಯನ್ನು ಒಡೆಯುವ ಫೇಜ್‌ಗಳನ್ನು ಬೇರ್ಪಡಿಸಿ 2006 ಮತ್ತು 2007ರಲ್ಲಿ ಫಲಿತಾಂಶ ಪ್ರಕಟಿಸಿತು. 2007ರ ವರದಿಯ ಪ್ರಕಾರ ಫೇಜ್ ಹಾಕಿದ ತೊಟ್ಟಿಗಳಲ್ಲಿ ಶೇಕಡಾ 85ಕ್ಕಿಂತ ಹೆಚ್ಚು ಮರಿಗಳು ಉಳಿದವು. ಪಠ್ಯಪುಸ್ತಕ ನಮಗೆ ಬ್ಯಾಕ್ಟೀರಿಯಾ, ವೈರಸ್, ಶಿಲೀಂಧ್ರ ಎಂದು ಪಟ್ಟಿ ಮಾಡಿ ಒಂದೊಂದರಿಂದ ಬರುವ ರೋಗಗಳನ್ನು ಹೇಳುತ್ತದೆ. ಮಕ್ಕಳ ಮನಸ್ಸಿನಲ್ಲಿ ವೈರಸ್ ಎಂದರೆ ಶತ್ರು ಎಂದು ಉಳಿದುಬಿಡುತ್ತದೆ. ಒಂದು ವೈರಸ್ ಸೀಗಡಿಯನ್ನು ಕೊಲ್ಲುತ್ತದೆ, ಇನ್ನೊಂದು ಅದೇ ಸೀಗಡಿಯನ್ನು ಉಳಿಸುತ್ತದೆ ಎಂದಾಗ ‘ಮಿತ್ರ ಮತ್ತು ಶತ್ರು’ ಎಂಬ ಪಾಠದ ಹೆಸರಿಗೆ ನಿಜವಾದ ಅರ್ಥ ಬರುತ್ತದೆ.

ನಮ್ಮ ಕೊಟ್ಟಿಗೆಯ ಹಾಲು

ಹೊಸ ಅಗ್ರಹಾರದ ಮಕ್ಕಳು ಸೀಗಡಿ ತೊಟ್ಟಿ ನೋಡಿಲ್ಲ. ಆದರೆ ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಶಾಲೆಗೆ ಬರುವವರು ತರಗತಿಯಲ್ಲಿ ಅನೇಕರಿದ್ದಾರೆ. ಆದ್ದರಿಂದ ತೊಟ್ಟಿಯ ಮಾತನ್ನು ಕೊಟ್ಟಿಗೆಗೆ ತಂದೆ. ಹಸುವಿಗೆ ಕೆಚ್ಚಲು ಬಾವು ಬಂದಾಗ ಪಶುವೈದ್ಯರು ಪ್ರತಿಜೈವಿಕ ಕೊಟ್ಟು, ಇಷ್ಟು ದಿನ ಹಾಲನ್ನು ಬಳಸಬೇಡಿ, ಮಾರಬೇಡಿ ಎನ್ನುತ್ತಾರೆ. ಏಕೆ? ಆ ದಿನಗಳಲ್ಲಿ ಔಷಧದ ಉಳಿಕೆ ಹಾಲಿನಲ್ಲಿ ಬರುತ್ತದೆ. ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಔಷಧದ ಉಳಿಕೆ ಪೂರ್ತಿ ಹೋಗುವುದಿಲ್ಲ. ಅಂಥ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಸರಿಯಾಗಿ ಆಗದಿರಬಹುದು, ಏಕೆಂದರೆ ಮೊಸರು ಮಾಡುವ ಮಿತ್ರ ಬ್ಯಾಕ್ಟೀರಿಯಾವನ್ನೂ ಔಷಧ ತಡೆಯುತ್ತದೆ.

ಇದನ್ನು ಹೇಳಿದಾಗ ಒಬ್ಬ ಹುಡುಗಿ, “ನಮ್ ಅಜ್ಜಿ ಹಿಂಗೇ ಆದಾಗ ದೃಷ್ಟಿ ಆಗೈತೆ ಅಂದಿದ್ರು ಮಿಸ್” ಎಂದಳು. ತರಗತಿ ನಕ್ಕಿತು. ನಾನು ಅಜ್ಜಿಯನ್ನು ತಪ್ಪೆನ್ನಲಿಲ್ಲ. ಹೆಪ್ಪು ಹತ್ತಲಿಲ್ಲ ಎಂಬುದನ್ನು ಅಜ್ಜಿ ಸರಿಯಾಗಿಯೇ ಗಮನಿಸಿದ್ದಾರೆ, ಕಾರಣ ಏನಿರಬಹುದು ಎಂದು ಹುಡುಕುವುದು ನಮ್ಮ ಕೆಲಸ, ಹಾಲು ತಣ್ಣಗಾಗಿದ್ದರೂ ಹೀಗಾಗುತ್ತದೆ ಎಂದೆ.

ಮರುಪಾಠದಲ್ಲಿ ಮಾಡಿದ ಚಟುವಟಿಕೆಗಳು

1. ಹುರುಳಿಕಾಳಿನ ಲೆಕ್ಕ. ಒಂದು ಬ್ಯಾಕ್ಟೀರಿಯಾ 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ ಎಂದುಕೊಳ್ಳೋಣ. ಒಂದು ಗಂಟೆಗೆ 8, ಎರಡು ಗಂಟೆಗೆ 64, ಮೂರು ಗಂಟೆಗೆ 512, ನಾಲ್ಕು ಗಂಟೆಗೆ 4,096. ಮಕ್ಕಳು 64ರವರೆಗೆ ಬೇಗ ಎಣಿಸಿದರು, 512ಕ್ಕೆ ನಾಲ್ಕು ಗುಂಪು ಬೇಕಾಯಿತು, 4,096ಕ್ಕೆ ಕಾಳು ಸಾಲಲಿಲ್ಲ. ವಿಬ್ರಿಯೊ ಪ್ಯಾರಾಹೀಮೊಲಿಟಿಕಸ್ ಅನುಕೂಲ ಸ್ಥಿತಿಯಲ್ಲಿ 10 ನಿಮಿಷದ ಆಸುಪಾಸಿನಲ್ಲೇ ಇಮ್ಮಡಿಯಾಗಬಲ್ಲದು ಎಂದಾಗ ಮಂಜುಗಡ್ಡೆ ಏಕೆ ಬೇಕು ಎಂಬುದನ್ನು ನಾನು ಹೇಳಬೇಕಾಗಲಿಲ್ಲ.

2. 49 ಚೀಟಿಗಳು. 41 ಚೀಟಿಯಲ್ಲಿ ಬರಿಯ ವೃತ್ತ, 5ರಲ್ಲಿ ವೃತ್ತದೊಳಗೆ ಕೆಂಪು ಚುಕ್ಕೆ, 3 ಖಾಲಿ. ಮಕ್ಕಳು ಚೀಟಿ ಎತ್ತಿ ‘ಬ್ಯಾಕ್ಟೀರಿಯಾ ಇದೆ’, ‘ಇಲ್ಲ’, ‘ಟಿಡಿಎಚ್ ಜೀನ್ ಇದೆ’ ಎಂದು ಕಪ್ಪುಹಲಗೆಯಲ್ಲಿ ಗುರುತು ಹಾಕಿದರು. ಸಿಂಪಿಗಳ ಅಧ್ಯಯನದ ಶೇಕಡಾವಾರು ಲೆಕ್ಕವನ್ನು ಅವರೇ ಮಾಡಿದರು. ಟಿಆರ್‌ಎಚ್ ಜೀನನ್ನು ಈ ತರಗತಿಗೆ ತರಲಿಲ್ಲ. ‘ಕೆಂಪು ಚುಕ್ಕೆ ಇಲ್ಲದ್ದೆಲ್ಲ ಪೂರ್ತಿ ಸುರಕ್ಷಿತ ಎಂದಲ್ಲ’ ಎಂದಷ್ಟೇ ಹೇಳಿದೆ.

3. ನೀಲಿ ಬಣ್ಣದ ಪರೀಕ್ಷೆ. ಎರಡು ಪ್ರನಾಳಗಳಲ್ಲಿ ತಲಾ 10 ಮಿ.ಲೀ. ಹಾಲು, ಒಂದರಲ್ಲಿ ಆಗತಾನೆ ಕಾಯಿಸಿ ಆರಿಸಿದ್ದು, ಇನ್ನೊಂದರಲ್ಲಿ ಬೆಳಗಿನಿಂದ ಹೊರಗಿಟ್ಟ ಹಸಿ ಹಾಲು. ಎರಡಕ್ಕೂ ತೆಳುವಾದ ಮೆಥಿಲೀನ್ ಬ್ಲೂ ದ್ರಾವಣ 1 ಮಿ.ಲೀ. ಹಾಕಿ ಉಗುರುಬೆಚ್ಚಗಿನ ನೀರಿನಲ್ಲಿ ನಿಲ್ಲಿಸಬೇಕು. ಬ್ಯಾಕ್ಟೀರಿಯಾ ಹೆಚ್ಚಿದ್ದಲ್ಲಿ ಆಮ್ಲಜನಕ ಬೇಗ ಮುಗಿದು ನೀಲಿ ಬಣ್ಣ ಬೇಗ ಮಾಯವಾಗುತ್ತದೆ. ಈ ಪರೀಕ್ಷೆಗೆ ಒಂದು ಅವಧಿ ಸಾಲದು. ಬೆಳಗಿನ ಮೊದಲ ಅವಧಿಯಲ್ಲಿ ಆರಂಭಿಸಿ ಊಟದ ವಿರಾಮದವರೆಗೆ ಆಗಾಗ ನೋಡುವುದು ಒಳ್ಳೆಯದು. ಪರೀಕ್ಷೆ ಮಾಡಿದ ಹಾಲನ್ನು ಚೆಲ್ಲಿ ಕೈ ತೊಳೆಯಬೇಕು. ಈ ಪರೀಕ್ಷೆ ಬ್ಯಾಕ್ಟೀರಿಯಾ ಹೆಚ್ಚೋ ಕಡಿಮೆಯೋ ಎಂದು ತೋರಿಸುತ್ತದೆ, ರೋಗಕಾರಕವೇ ಎಂದು ತೋರಿಸುವುದಿಲ್ಲ. ಈ ವ್ಯತ್ಯಾಸವನ್ನು ಮೌಲ್ಯಮಾಪನದ ಪ್ರಶ್ನೆಯಾಗಿ ಕೇಳಿದೆ. 38 ಮಕ್ಕಳಲ್ಲಿ 23 ಮಂದಿ ಸರಿಯಾಗಿ ಬರೆದರು.

ಕೊನೆಯದಾಗಿ

ಮರುಪಾಠದ ಆರಂಭದಲ್ಲೇ, “ಹೋದ ವಾರ ನಾನು ತಪ್ಪು ಉತ್ತರ ಕೊಟ್ಟಿದ್ದೆ, ಇವತ್ತು ತಿದ್ದುತ್ತೇನೆ” ಎಂದು ಹೇಳಿದೆ. ಮಕ್ಕಳು ನಗಬಹುದು ಎಂಬ ಅಂಜಿಕೆಯಿತ್ತು. ಯಾರೂ ನಗಲಿಲ್ಲ.

ಹುರುಳಿಕಾಳಿನ ಚಟುವಟಿಕೆ ಮುಗಿದ ಮೇಲೆ, ಮೀನನ್ನು ಮಂಜುಗಡ್ಡೆಯಲ್ಲಿ ಹೇಗೆ ಜೋಡಿಸುತ್ತಾರೆ, ಯಾರಿಗಾದರೂ ಗೊತ್ತೇ ಎಂದು ಇಡೀ ತರಗತಿಯನ್ನು ಕೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಆ ಹುಡುಗಿ ಕೂತಲ್ಲಿಂದಲೇ ಹೇಳಿದಳು: “ಕೆಳಗೊಂದ್ ಸಾಲು ಗಡ್ಡೆ, ಮೇಲೆ ಮೀನು, ಮತ್ತೆ ಗಡ್ಡೆ. ಕರಗಿದ್ ನೀರು ನಿಲ್ದಂಗೆ ತೂತು ಬುಡ್ಬೇಕು ಮಿಸ್. ನಮ್ಮವ್ವ ನಡುಮಧ್ಯಾನಕ್ಕೆ ಇನ್ನೊಂದ್ ಸತಿ ಗಡ್ಡೆ ಹಾಕ್ತದೆ.” ಅವಳು ಹೇಳಿದ್ದನ್ನು ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ತೋರಿಸಿದೆ. ಪ್ರಶ್ನೆ ಕೇಳಿದ್ದ ಹುಡುಗ ಆ ಚಿತ್ರವನ್ನು ತನ್ನ ನೋಟ್ಸಿನಲ್ಲಿ ಬರೆದುಕೊಂಡ. ‘ಕಾಯ್ಲೆ ಮೀನು’ ಎಂಬ ಹೆಸರು ಆಟದ ಮೈದಾನದಲ್ಲಿ ಪೂರ್ತಿ ನಿಂತಿತೋ ಇಲ್ಲವೋ ಹೇಳಲಾರೆ, ನನ್ನ ಕಿವಿಗೆ ಮಾತ್ರ ಮತ್ತೆ ಬೀಳಲಿಲ್ಲ.

ಸಹ ಪ್ರಶಿಕ್ಷಣಾರ್ಥಿಗಳಿಗೆ ನನ್ನ ವಿನಂತಿ ಇಷ್ಟೇ. ಆಹಾರ, ಕಾಯಿಲೆ, ಪ್ರಾಣಿ ಈ ಮೂರರ ಬಗ್ಗೆ ತರಗತಿಯಲ್ಲಿ ನಾವು ಆಡುವ ಮಾತು ಯಾವುದೋ ಮಗುವಿನ ಮನೆಯ ದುಡಿಮೆಗೆ ತಾಗುತ್ತದೆ. ಉತ್ತರ ಗೊತ್ತಿಲ್ಲದಿದ್ದರೆ “ನಾಳೆ ಓದಿಕೊಂಡು ಬಂದು ಹೇಳುತ್ತೇನೆ” ಎನ್ನಲು ಐದು ನಿಮಿಷವೂ ಬೇಕಾಗುವುದಿಲ್ಲ.